ಬೆಸುಗೆಗೆ ನಂಬರುಂಟು, ಬೆಸೆದವನಿಗೆ ಹೆಸರಿಲ್ಲ

ಬೇಸಿಗೆ ಬಂತೆಂದರೆ ನಮ್ಮ ಪತ್ರಿಕೆಗಳ ಒಳಪುಟದ ಮೂಲೆಯಲ್ಲಿ ಒಂದು ಸುದ್ದಿ ಬರುತ್ತದೆ. ನಾಲ್ಕೇ ಸಾಲು. ಬಾಯ್ಲರ್ ಟ್ಯೂಬ್ ಸೋರಿಕೆಯಿಂದ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಇಂತಿಷ್ಟನೇ ಘಟಕ ಸ್ಥಗಿತಗೊಂಡಿದೆ. ದುರಸ್ತಿ ಕಾರ್ಯ ಭರದಿಂದ ನಡೆದಿದೆ. ಎರಡು ದಿನಗಳಲ್ಲಿ ಉತ್ಪಾದನೆ ಪುನರಾರಂಭ. ಅಷ್ಟೆ. ಅದರ ಕೆಳಗೆ ಚಿನ್ನದ ದರ.

ಹಳ್ಳಿ ಶಾಲೆಯ ಮೇಷ್ಟ್ರೇ, ನಿಮಗೊಂದು ಮಾತು. ನಾಳೆ ಹುಡುಗರಿಗೆ ವ್ಯಾಕರಣ ಹೇಳುವಾಗ ಈ ಸಾಲನ್ನು ಬೋರ್ಡಿನ ಮೇಲೆ ಬರೆಯಿರಿ: ದುರಸ್ತಿ ಕಾರ್ಯ ಭರದಿಂದ ನಡೆದಿದೆ. ಇದರಲ್ಲಿ ಕರ್ತೃಪದ ಯಾವುದು ಎಂದು ಕೇಳಿ. 'ಕಾರ್ಯ' ಎನ್ನುತ್ತಾನೆ ಜಾಣ ಹುಡುಗ. ಅವನಿಗೆ ಪೂರಾ ಅಂಕ ಕೊಡಿ. ಈ ದೇಶದಲ್ಲಿ ಕಾರ್ಯ ತಾನಾಗಿಯೇ ನಡೆಯುತ್ತದೆ. ಮಲದ ಗುಂಡಿ ತಾನಾಗಿಯೇ ಖಾಲಿಯಾಗುತ್ತದೆ. ಸತ್ತ ದನ ತಾನಾಗಿಯೇ ಊರಾಚೆಗೆ ನಡೆದುಹೋಗುತ್ತದೆ. ಸೋರುವ ಟ್ಯೂಬು ತನ್ನನ್ನು ತಾನೇ ಬೆಸೆದುಕೊಳ್ಳುತ್ತದೆ.

ನಾನು ಹನ್ನೊಂದು ವರ್ಷ ಆ 'ಕಾರ್ಯ'ವಾಗಿದ್ದವನು. ಮೊದಲ ಮೂರು ವರ್ಷ ಹೆಲ್ಪರ್, ಆಮೇಲೆ ವೆಲ್ಡರ್. ಈಗ ತಾಲ್ಲೂಕು ರಸ್ತೆಯ ಬದಿಯಲ್ಲಿ ತಗಡಿನ ಶೆಡ್ ಹಾಕಿಕೊಂಡು ಗೇಟು, ಕಿಟಕಿ, ಟ್ರ್ಯಾಕ್ಟರ್ ಟ್ರೇಲರು ಬೆಸೆಯುತ್ತೇನೆ. ಯಾವ ಯಾವ ಸ್ಥಾವರದಲ್ಲಿ ದುಡಿದೆ ಎಂದು ಬರೆಯುವುದಿಲ್ಲ. ರಾಜ್ಯದ ಒಳಗೂ ದುಡಿದಿದ್ದೇನೆ, ಹೊರಗೂ ದುಡಿದಿದ್ದೇನೆ. ಎಲ್ಲ ಕಡೆಯೂ ಗೇಟಿನ ಒಳಗೆ ಹೋಗೋದು ಸುಲಭ, ಲೆಕ್ಕದ ಪುಸ್ತಕದ ಒಳಗೆ ಹೋಗೋದು ಕಷ್ಟ.

ಬಾಯ್ಲರ್ ಅಂದರೆ ಕಾಲೇಜಿನ ಹುಡುಗರೂ ದೊಡ್ಡ ಹಂಡೆ ಎಂದು ತಿಳಿದಿರುತ್ತಾರೆ. ಹಂಡೆಯಲ್ಲ. 210 ಮೆಗಾವ್ಯಾಟಿನ ಒಂದು ಘಟಕದ ಬಾಯ್ಲರು ಹದಿನೈದು ಅಂತಸ್ತಿನ ಕಟ್ಟಡದಷ್ಟು ಎತ್ತರ. ಅದರ ಗೋಡೆಗೆ ಇಟ್ಟಿಗೆ ಇಲ್ಲ. ಮಣಿಕಟ್ಟಿನಷ್ಟು ದಪ್ಪದ ಉಕ್ಕಿನ ಟ್ಯೂಬುಗಳು ಒಂದರ ಪಕ್ಕ ಒಂದು ನಿಂತು ಅವೇ ಗೋಡೆಯಾಗಿರುತ್ತವೆ. ಟ್ಯೂಬಿನ ಒಳಗೆ ನೀರು, ಹೊರಗೆ ಕಲ್ಲಿದ್ದಲ ಪುಡಿಯ ಬೆಂಕಿ. ಆ ನೀರು ಉಗಿಯಾಗಿ, ಉಗಿ ಇನ್ನೂ ಕಾದು, ಟರ್ಬೈನಿಗೆ ಹೋಗುವ ಹೊತ್ತಿಗೆ 540 ಡಿಗ್ರಿ ಸೆಲ್ಸಿಯಸ್ ಆಸುಪಾಸು ಮುಟ್ಟಿರುತ್ತದೆ. ಚದರ ಸೆಂಟಿಮೀಟರಿಗೆ ಸುಮಾರು 150 ಕಿಲೋ ಒತ್ತಡ. ಲಾರಿ ಟೈರಿನೊಳಗಿನ ಗಾಳಿಯ ಒತ್ತಡಕ್ಕಿಂತ ಹದಿನೈದು ಪಟ್ಟಿಗೂ ಹೆಚ್ಚು ಅಂತ ಹೇಳಿದರೆ ನಿಮಗೆ ಅಂದಾಜು ಸಿಗಬಹುದು. ಇಷ್ಟನ್ನು ತಡೆದು ನಿಲ್ಲಿಸುವುದು ನಾಲ್ಕೈದು ಮಿಲಿಮೀಟರಿನ ಉಕ್ಕು. ಆ ಉಕ್ಕಿನ ಒಂದು ತುಂಡನ್ನು ಇನ್ನೊಂದಕ್ಕೆ ಹಿಡಿದು ನಿಲ್ಲಿಸುವುದು ಬೆಸುಗೆ.

ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಹೆಚ್ಚು. ನೂರು ಕಿಲೋ ಸುಟ್ಟರೆ 30ರಿಂದ 45 ಕಿಲೋ ಬೂದಿಯೇ ಉಳಿಯುತ್ತದೆ. ಆ ಬೂದಿಯಲ್ಲಿ ಮರಳಿನ ಜಾತಿಯ ಗಟ್ಟಿ ಕಣಗಳು. ಹೊಗೆಯ ಜೊತೆ ಅವು ಹಗಲು ರಾತ್ರಿ ಟ್ಯೂಬುಗಳ ಬಾಗುಗಳಿಗೆ ಬಡಿಯುತ್ತವೆ. ವರ್ಷಗಟ್ಟಲೆ ಉಜ್ಜಿ ಉಜ್ಜಿ ಉಕ್ಕು ಕಾಗದದಂತಾಗುತ್ತದೆ. ಒಂದು ದಿನ ಸೂಜಿಮೊನೆಯಷ್ಟು ತೂತು. ಆ ತೂತಿನಿಂದ ಚಿಮ್ಮುವ ಉಗಿ ಸುಮ್ಮನೆ ಹೋಗೋದಿಲ್ಲ, ಪಕ್ಕದ ಟ್ಯೂಬನ್ನು ಕೊಯ್ಯುತ್ತದೆ. ಅದು ಅದರ ಪಕ್ಕದ್ದನ್ನು. ಬೇಗ ನಿಲ್ಲಿಸದೆ ಹೋದರೆ ಒಂದು ಟ್ಯೂಬಿನ ಕೆಲಸ ಇಪ್ಪತ್ತು ಟ್ಯೂಬಿನ ಕೆಲಸವಾಗುತ್ತದೆ. ಘಟಕ ಹಳೆಯದಾದಷ್ಟೂ ಇದು ಜಾಸ್ತಿ. ರಾಯಚೂರಿನ ಶಕ್ತಿನಗರದಲ್ಲಿ ಮೊದಲ 210 ಮೆಗಾವ್ಯಾಟ್ ಘಟಕ ಶುರುವಾದದ್ದು 1985ರಲ್ಲಿ. ಆ ಕಾಲದ ಘಟಕಗಳು ದೇಶದ ತುಂಬ ಇವೆ. ನಲವತ್ತು ವರ್ಷದ ಮುದುಕನಿಗೆ ಎಳೆಯ ಎತ್ತಿನ ನೊಗ ಹಾಕಿದ್ದಾರೆ.

ಈಗ ಒಂದು ಲೆಕ್ಕ ಹಾಕಿ. 210 ಮೆಗಾವ್ಯಾಟಿನ ಘಟಕ ಒಂದು ದಿನ ನಿಂತರೆ 50 ಲಕ್ಷ 40 ಸಾವಿರ ಯೂನಿಟ್ ಹೋಯಿತು. ಯೂನಿಟ್ಟಿಗೆ ನಾಲ್ಕು ರೂಪಾಯಿ ಎಂದು ಹಿಡಿದರೂ ದಿನಕ್ಕೆ ಎರಡು ಕೋಟಿ. ಗಂಟೆಗೆ ಎಂಟು ಲಕ್ಷದ ಮೇಲೆ. ಈ ಲೆಕ್ಕ ಸ್ಥಾವರದ ಪ್ರತಿ ಮೇಜಿನ ಮೇಲೂ ಇರುತ್ತದೆ. ಆ ಎರಡು ಕೋಟಿಯನ್ನು ಉಳಿಸಲು ಒಳಗೆ ಹೋಗುವವನಿಗೆ, ಅಂದರೆ ನನಗೆ, ಕೊನೆಯ ವರ್ಷದಲ್ಲಿ ದಿನಕ್ಕೆ 600 ರೂಪಾಯಿ. ನನ್ನ ಹೆಲ್ಪರನಿಗೆ 300. ಬಟವಾಡೆ ಯಾವಾಗ ಎಂದು ಮಾತ್ರ ಕೇಳಬೇಡಿ.

ಒಳಗೆ ಹೋಗೋದು ಅಂದರೆ ಹೇಗೆ? ನಿಯಮದ ಪ್ರಕಾರ ಬಾಯ್ಲರು ತಣ್ಣಗಾಗಬೇಕು. ಫ್ಯಾನು ಹಾಕಿ ಗಾಳಿ ಎಳೆದು ಬೇಗ ತಣಿಸುತ್ತಾರೆ. ಆದರೂ ನಾವು ಮ್ಯಾನ್‌ಹೋಲಿನಲ್ಲಿ ತಲೆ ತೂರಿಸುವ ಹೊತ್ತಿಗೆ ಒಳಗೆ ರೊಟ್ಟಿ ತಟ್ಟುವ ಒಲೆಯ ಕಾವು. ತಲೆಯ ಮೇಲೆ ಎಷ್ಟೋ ಅಡಿ ಎತ್ತರದಲ್ಲಿ ಗೋಡೆಗೆ ಅಂಟಿದ ಬೂದಿಗಟ್ಟಿ. ಅದು ಯಾವಾಗ ಬೀಳುತ್ತದೋ ಅದಕ್ಕೇ ಗೊತ್ತು. ಮೊದಲು ಹೋಗುವವರು ಬೂದಿ ಎತ್ತುವ ಹುಡುಗರು. ಅವರು ಯಾವ ಕೇರಿಯವರು ಎಂದು ನಾನು ಬರೆಯಬೇಕೆ? ನಾನು ಕಂಡ ಒಂದೊಂದು ಗುಂಪಿನಲ್ಲೂ ಹತ್ತಕ್ಕೆ ಎಂಟು ನಮ್ಮವರೇ. ಒಬ್ಬ ದೊಡ್ಡ ಸಾಹೇಬರು ಒಮ್ಮೆ ನನ್ನ ಕೆಲಸ ನೋಡಿ ಮೆಚ್ಚಿ ಹೇಳಿದರು: "ನಿಮ್ಮ ಮಂದಿಗೆ ಕೈ ಭಾಳ ಚಲೋ ಅದ." ಕೈ ಅಂದರು. ನಾನು ನಕ್ಕೆ. ಆಗ ನಗೋದು ಬಿಟ್ಟು ಬೇರೆ ಗೊತ್ತಿರಲಿಲ್ಲ.

ತೂತು ಬಿದ್ದ ಟ್ಯೂಬಿನ ತುಂಡನ್ನು ಕತ್ತರಿಸಿ ತೆಗೆದು ಅದರ ಜಾಗಕ್ಕೆ ಹೊಸ ತುಂಡು ಕೂರಿಸಬೇಕು. ಎರಡು ಕಡೆ ಅಂಚು ಇಳಿಜಾರಾಗಿ ಕೆತ್ತಿ, ನಡುವೆ ಎರಡು ಮೂರು ಮಿಲಿಮೀಟರ್ ಸಂದು ಬಿಟ್ಟು, ಮೊದಲ ಸುತ್ತು ಆರ್ಗಾನ್ ಬೆಸುಗೆ, ಮೇಲಿನ ಸುತ್ತು ರಾಡಿನ ಬೆಸುಗೆ. ಹೇಳೋದಕ್ಕೆ ಇಷ್ಟೇ. ಆದರೆ ಟ್ಯೂಬಿನ ಹಿಂದೆ ಟ್ಯೂಬು, ಪಕ್ಕದಲ್ಲಿ ಟ್ಯೂಬು. ಹಿಂಭಾಗಕ್ಕೆ ಕೈ ಹೋಗುತ್ತದೆ, ತಲೆ ಹೋಗುವುದಿಲ್ಲ. ಆಗ ಹಿಂದೆ ಒಂದು ಸಣ್ಣ ಕನ್ನಡಿ ಸಿಗಿಸಿ, ಅದರಲ್ಲಿ ಕಾಣುವ ಬಿಂಬ ನೋಡಿಕೊಂಡು ಬೆಸೆಯಬೇಕು. ನನಗೆ ಇದನ್ನು ಕಲಿಸಿದವರು ನಮ್ಮ ಉಸ್ತಾದರು. "ತಮ್ಮಾ, ಕನ್ನಡ್ಯಾಗ ನಿನ್ನ ಕೈ ಹತ್ರ ಬಂದಂಗ ಕಾಣಸ್ತದ, ಖರೇ ನೋಡಿದ್ರ ದೂರ ಹೊಂಟಿರ್ತದ. ಕಣ್ಣು ಸುಳ್ಳ ಹೇಳ್ತದ. ಕೈ ಹೇಳೂದು ಕೇಳು." ನನಗೆ ಅದು ಕೈಗೆ ಹತ್ತಲು ಎರಡು ವರ್ಷ ಹಿಡಿಯಿತು. ಉಸ್ತಾದರು ಮೂರನೇ ಇಯತ್ತೆ. ಅವರ ಬೆಸುಗೆ ಎಕ್ಸ್‌ರೇಯಲ್ಲಿ ಫೇಲಾದದ್ದನ್ನು ನಾನು ನೋಡಿಲ್ಲ.

ಇನ್ನೊಂದು ಸಂಗತಿ ಹೇಳಿದರೆ ನಗಬೇಡಿ. ಎಷ್ಟೇ ಬಸಿದರೂ ಟ್ಯೂಬಿನೊಳಗೆ ನೀರು ಸ್ವಲ್ಪ ಸ್ವಲ್ಪ ಜಿನುಗುತ್ತಿರುತ್ತದೆ. ಬೆಸೆಯುವ ಬಾಯಿಗೆ ನೀರು ಬಂದರೆ ಬೆಸುಗೆ ಕೆಟ್ಟಿತು. ಅದಕ್ಕೆ ಟ್ಯೂಬಿನೊಳಗೆ ಬ್ರೆಡ್ಡು ತುರುಕುತ್ತಾರೆ. ಬ್ರೆಡ್ಡು ನೀರನ್ನು ಹೀರಿ ಒಂದಷ್ಟು ಹೊತ್ತು ತಡೆಯುತ್ತದೆ, ಆಮೇಲೆ ಕರಗಿ ಹೋಗುತ್ತದೆ. ಹಾಗಾಗಿ ರಾತ್ರಿ ಕೆಲಸಕ್ಕೆ ಸಾಮಾನಿನ ಜೊತೆ ಬ್ರೆಡ್ಡಿನ ಪೊಟ್ಟಣವೂ ಬರುತ್ತಿತ್ತು. ಬೆಳಗಿನಿಂದ ಬರೀ ಚಹದ ಮೇಲಿದ್ದ ಹೆಲ್ಪರ್ ಹುಡುಗ ಒಂದು ತುಂಡು ಬಾಯಿಗೆ ಹಾಕಿಕೊಂಡದ್ದಕ್ಕೆ ಸೂಪರ್‌ವೈಸರ್ ಬೈದದ್ದು ನನ್ನ ಕಿವಿಯಲ್ಲಿದೆ. "ಮಗನ, ಅದು ಮಟೀರಿಯಲ್ಲು!" ಟ್ಯೂಬಿನ ಹೊಟ್ಟೆಗೆ ಬ್ರೆಡ್ಡು, ಹುಡುಗನ ಹೊಟ್ಟೆಗೆ ಬೈಗುಳ.

ಬೆಸುಗೆ ಎಂದರೆ ಕಿಡಿ ಹಾರಿಸೋದಲ್ಲ, ಕಾಯೋದು. ಇದನ್ನು ಹೊರಗಿನವರು ತಿಳಿಯೋದಿಲ್ಲ, ಒಳಗಿನ ದೊಡ್ಡವರು ತಿಳಿದೂ ತಿಳಿಯದವರಂತೆ ಇರುತ್ತಾರೆ. ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕನ್ನು ಬೆಸೆಯುವ ಮೊದಲು ಕಾಯಿಸಬೇಕು, 150 ಡಿಗ್ರಿ, ಕೆಲವಕ್ಕೆ 200ರ ಮೇಲೆ. ಒಂಬತ್ತು ಭಾಗ ಕ್ರೋಮಿಯಂ ಇರುವ ಹೊಸ ಜಾತಿಯ ಉಕ್ಕಿಗೆ ಬೆಸೆದ ಮೇಲೂ 750 ಡಿಗ್ರಿಯ ಆಸುಪಾಸಿಗೆ ಕಾಯಿಸಿ, ಅಲ್ಲೇ ಹಿಡಿದಿಟ್ಟು, ಮೆಲ್ಲಗೆ ಇಳಿಸಬೇಕು. ರಾಡನ್ನು ಒಲೆಯಲ್ಲಿ ಮುನ್ನೂರು ಡಿಗ್ರಿಯ ಮೇಲೆ ಒಣಗಿಸಿ, ಬಿಸಿ ಫ್ಲಾಸ್ಕಿನಲ್ಲಿಟ್ಟು ಒಂದೊಂದೇ ತೆಗೆಯಬೇಕು. ರಾಡಿಗೆ ತೇವ ಹಿಡಿದರೆ ಅದರಿಂದ ಹೈಡ್ರೋಜನ್ ಬೆಸುಗೆಯೊಳಗೆ ಹೊಕ್ಕು ಕೂರುತ್ತದೆ. ಬಿರುಕು ಆವತ್ತೇ ಬಿಡೋದಿಲ್ಲ. ಒಂದು ದಿನ ಬಿಟ್ಟು, ಎರಡು ದಿನ ಬಿಟ್ಟು, ಎಲ್ಲರೂ ಚಪ್ಪಾಳೆ ತಟ್ಟಿ ಮನೆಗೆ ಹೋದ ಮೇಲೆ ಬಿಡುತ್ತದೆ. ಇದೆಲ್ಲ ಪುಸ್ತಕದಲ್ಲಿದೆ, ಕಾಯ್ದೆಯಲ್ಲಿದೆ, ಗೋಡೆಗೆ ಅಂಟಿಸಿದ ಚಾರ್ಟಿನಲ್ಲೂ ಇದೆ. ಆದರೆ ಗಂಟೆಗೆ ಎಂಟು ಲಕ್ಷ ಎನ್ನುವ ಲೆಕ್ಕ ಬಂದಾಗ ಮೊದಲು ಕತ್ತರಿ ಬೀಳೋದು ಈ ಕಾಯುವ ಹೊತ್ತಿಗೆ. "ಎಷ್ಟು ಹೊತ್ತು ಕಾಯಸ್ತೀರಿ, ಸಾಕು ಬಿಡ್ರಿ, ಎಳೀರಿ." ಈ ಮಾತನ್ನು ಯಾರೂ ಬರೆದು ಕೊಡೋದಿಲ್ಲ. ಇದು ಬಾಯಿಮಾತಿನ ಆರ್ಡರು.

ಬೆಸೆದವನ ಮೈಯ ವಿಚಾರ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದನ್ನು ಕರುಣೆಗಾಗಿ ಹೇಳುತ್ತಿಲ್ಲ. ಬೆಸುಗೆಯ ಬೆಳಕು ತಾಗಿದರೆ ಅರ್ಧರಾತ್ರಿಯಲ್ಲಿ ಕಣ್ಣಿಗೆ ಮರಳು ಎರಚಿದಂತಾಗುತ್ತದೆ. ನಮ್ಮ ಲೈನಿನಲ್ಲಿ ಬಾಣಂತಿ ಇದ್ದ ಮನೆಗೆ ಹೋಗಿ ಎದೆಹಾಲಿನ ನಾಲ್ಕು ಹನಿ ಬೇಡಿ ಕಣ್ಣಿಗೆ ಬಿಟ್ಟುಕೊಂಡಿದ್ದೇವೆ. ಇನ್ನು ಹೊಗೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರು 2017ರಲ್ಲಿ ಕೂತು, ಬೆಸುಗೆಯ ಹೊಗೆ ಮನುಷ್ಯನಿಗೆ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾದ ಮೊದಲ ಗುಂಪಿಗೇ ಸೇರಿಸಿದರು. ಆ ವರ್ಷ ನಮಗೆ ಕೊಟ್ಟ ರಕ್ಷಣೆ ಅಂದರೆ ಒಂದು ಟವೆಲ್ಲು. ಅದನ್ನೂ ನಾವೇ ಕೊಂಡದ್ದು.

ಈಗ ನಂಬರಿನ ವಿಷಯಕ್ಕೆ ಬರುತ್ತೇನೆ.

ಬಾಯ್ಲರಿನಲ್ಲಿ ಯಾರೂ ಬೇಕಾದವರು ಬೆಸೆಯುವ ಹಾಗಿಲ್ಲ. 1950ರ ಭಾರತೀಯ ಬಾಯ್ಲರ್ ನಿಯಮಾವಳಿಯ ಪ್ರಕಾರ ಪರೀಕ್ಷೆ ಪಾಸಾದ ವೆಲ್ಡರ್ ಮಾತ್ರ ಬೆಸೆಯಬೇಕು. ಒಳ್ಳೆಯ ನಿಯಮ. ಪಾಸಾದವನಿಗೆ ಒಂದು ಗುರುತಿನ ನಂಬರು ಸಿಗುತ್ತದೆ. ಅವನು ಬೆಸೆದ ಪ್ರತಿ ಜಾಯಿಂಟಿಗೂ ಆ ನಂಬರು ದಾಖಲಾಗುತ್ತದೆ. ರಾತ್ರಿ ಎಲ್ಲರನ್ನೂ ಹೊರಗೆ ಕಳಿಸಿ ಇರಿಡಿಯಮ್ಮಿನ ಕಿರಣ ಬಿಟ್ಟು ಎಕ್ಸ್‌ರೇ ತೆಗೆಯುವಾಗ ಜಾಯಿಂಟಿನ ಪಕ್ಕ ಸೀಸದ ಅಕ್ಷರಗಳನ್ನು ಅಂಟಿಸುತ್ತಾರೆ. ಫಿಲ್ಮ್ ತೊಳೆದು ಬೆಳಕಿಗೆ ಹಿಡಿದರೆ ಬೆಸುಗೆಯ ಚಿತ್ರದ ಜೊತೆ ನಂಬರು ಬೆಳ್ಳಗೆ ಮೂಡಿರುತ್ತದೆ. ಆ ಫಿಲ್ಮು ವರ್ಷಗಟ್ಟಲೆ ಕಪಾಟಿನಲ್ಲಿ ಭದ್ರ.

ಅದೇ ವೆಲ್ಡರಿನ ಹಾಜರಿ ಪುಸ್ತಕ ಎಲ್ಲಿ? ಗುತ್ತೇದಾರನ ಕೈಚೀಲದಲ್ಲಿ. ಅವನ ಪಿ.ಎಫ್. ನಂಬರು ಎಲ್ಲಿ? ಪ್ರತಿ ಷಟ್‌ಡೌನಿಗೆ ಹೊಸ ಗುತ್ತೇದಾರ, ಹೊಸ ನಂಬರು, ಹಳೆಯದು ಹಳ್ಳಕ್ಕೆ. ಅವನ ಸರ್ಟಿಫಿಕೇಟು ಎಲ್ಲಿ? ಅದೂ ಗುತ್ತೇದಾರನ ಹತ್ತಿರವೇ, 'ಸೇಫಾಗಿ'. ಹನ್ನೊಂದು ವರ್ಷ ದುಡಿದ ನನಗೆ ಹನ್ನೊಂದು ವರ್ಷ ದುಡಿದೆ ಎಂದು ತೋರಿಸಲು ಒಂದು ಚೀಟಿ ಇಲ್ಲ. ಆದರೆ ನಾನು ಯಾವ ವರ್ಷ ಯಾವ ತಿಂಗಳು ಯಾವ ಟ್ಯೂಬನ್ನು ಬೆಸೆದೆ ಎಂದು ಹಿಡಿಯಲು ಫಿಲ್ಮುಗಳಿವೆ. ತಪ್ಪು ಹೊರಿಸುವುದಕ್ಕೆ ನಾನು ಇದ್ದೇನೆ. ಪಗಾರ ಕೊಡುವುದಕ್ಕೆ, ಪಿಂಚಣಿ ಕೊಡುವುದಕ್ಕೆ, ಸತ್ತರೆ ಪರಿಹಾರ ಕೊಡುವುದಕ್ಕೆ ನಾನು ಇಲ್ಲ. ಇದು ಮರೆವಲ್ಲ ಗೆಳೆಯರೇ. ಯೋಚನೆ ಮಾಡಿ ಕಟ್ಟಿದ ವ್ಯವಸ್ಥೆ.

ನಮ್ಮ ಉಸ್ತಾದರಿಗೆ ಆದದ್ದನ್ನು ಕೇಳಿ. ಅವರ ಹೆಸರು ಬರೆಯುವುದಿಲ್ಲ. ಬೆಸೆದವನಿಗೆ ಹೆಸರಿಲ್ಲ ಎಂದು ಕೂಗುವ ಈ ಲೇಖನದಲ್ಲೂ ಅವರ ಹೆಸರು ಹಾಕಲು ನನಗೆ ಧೈರ್ಯವಿಲ್ಲ. ಅವರಿಗೆ ಇನ್ನೂ ಕೆಲಸ ಬೇಕು, ಗುತ್ತೇದಾರರು ಒಬ್ಬರಿಗೊಬ್ಬರು ಫೋನು ಮಾಡುತ್ತಾರೆ.

ಒಂದು ಬೇಸಿಗೆ. ಮೇಲಿನ ಭಾಗದಲ್ಲಿ, ಉಗಿಯನ್ನು ಮತ್ತೆ ಕಾಯಿಸುವ ಕಡೆ, ಟ್ಯೂಬು ಹೋಗಿತ್ತು. ಅಲ್ಲಿ ಕ್ರೋಮಿಯಂ ಬೆರೆತ ಉಕ್ಕೇ ಆಗಬೇಕು, ಬರೀ ಕಾರ್ಬನ್ ಉಕ್ಕು ಆ ಕಾವಿಗೆ ತಾಳುವುದಿಲ್ಲ. ಸ್ಟೋರಿನಿಂದ ಬಂದ ತುಂಡಿಗೆ ಉಸ್ತಾದರು ಗ್ರೈಂಡರ್ ಹಿಡಿದರು. ಕಿಡಿ ಕವಲು ಕವಲಾಗಿ ಒಡೆಯಿತು. ಕೈ ತೆಗೆದರು.

"ಸಾಹೇಬ್ರ, ಇದು ಅಲಾಯ್ ಅಲ್ರಿ. ಬರೇ ಕಾರ್ಬನ್ ಸ್ಟೀಲು. ತಡಿಯಂಗಿಲ್ರಿ."

"ಸ್ಟೋರ್‌ನ್ಯಾಗ ಇದೇ ಅದ. ಈಗ ಹಾಕು. ಓವರ್‌ಹಾಲಿಂಗ್‌ದಾಗ ಬದಲಿ ಮಾಡೂಣು."

"ಒಂದ್ ಚೀಟಿ ಬರದು ಕೊಡ್ರಿ."

"ನೀ ವೆಲ್ಡರೋ, ಎಂಜಿನಿಯರೋ?"

ಉಸ್ತಾದರು ವೆಲ್ಡರು. ಬೆಸೆದರು. ಬೆಸುಗೆ ಎಕ್ಸ್‌ರೇಯಲ್ಲಿ ಪಾಸಾಯಿತು. ಘಟಕ ಓಡಿತು. ಓವರ್‌ಹಾಲಿಂಗ್ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ಐದನೇ ತಿಂಗಳಲ್ಲಿ ಆ ಟ್ಯೂಬು ಒಡೆಯಿತು. ನಾನೇ ಅದನ್ನು ಕತ್ತರಿಸಿ ತೆಗೆದವನು, ಈ ಕಣ್ಣಿನಿಂದಲೇ ನೋಡಿದವನು. ಒಡೆದದ್ದು ಬೆಸುಗೆಯಲ್ಲಲ್ಲ. ಬೆಸುಗೆಯಿಂದ ಒಂದು ಗೇಣು ಆಚೆ, ಹೊಸ ತುಂಡಿನ ನಡುಮಧ್ಯೆ. ಉಬ್ಬಿ, ತೆಳ್ಳಗಾಗಿ, ಮೀನು ಬಾಯಿ ತೆರೆದಂತೆ ಸೀಳಿತ್ತು. ಎರಡೂ ಕಡೆಯ ಬೆಸುಗೆ ಕಲ್ಲಿನ ಹಾಗೆ ಕೂತಿದ್ದವು.

ವಿಚಾರಣೆ ನಡೆಯಿತು. ವರದಿಯಲ್ಲಿ ಬಂದದ್ದು 'ಬೆಸುಗೆ ವೈಫಲ್ಯ'. ಫಿಲ್ಮ್ ತೆಗೆದು ನಂಬರು ನೋಡಿದರು. ನಂಬರು ಉಸ್ತಾದರದು. ಅವರ ಗೇಟ್ ಪಾಸ್ ಕಿತ್ತುಕೊಂಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಹಾಗೆ. ಆ ತುಂಡನ್ನು ಸ್ಟೋರಿನಿಂದ ಕೊಟ್ಟವನ ನಂಬರು ಎಲ್ಲಿಯೂ ಇರಲಿಲ್ಲ. ಹಾಕು ಎಂದವರ ನಂಬರು ಇರಲಿಲ್ಲ. ಓವರ್‌ಹಾಲಿಂಗ್ ಮುಂದಕ್ಕೆ ಹಾಕಿದವರ ನಂಬರಂತೂ ಇರುವುದು ಸಾಧ್ಯವೇ ಇಲ್ಲ, ಅವರ ಮುಖವನ್ನೇ ನಾವು ನೋಡಿಲ್ಲ. ಒಬ್ಬ ಕಿರಿಯ ಎಂಜಿನಿಯರ್ ಮಾತ್ರ ತಪ್ಪು ಉಕ್ಕು ಹಾಕಿದ್ದಾರೆ ಎಂದು ಟಿಪ್ಪಣಿ ಬರೆದಿದ್ದನಂತೆ. ಆಮೇಲೆ ಗೊತ್ತಾಯಿತು. ಟಿಪ್ಪಣಿ ಫೈಲಿನಲ್ಲಿ ಕೂತಿತು, ಅವನು ಬೇರೆ ಸೆಕ್ಷನ್ನಿಗೆ ಹೋದ. ಹಾಗಾಗಿ ಎಂಜಿನಿಯರುಗಳೆಲ್ಲ ಕೆಟ್ಟವರು ಎಂದು ನಾನು ಬರೆಯಲಾರೆ. ಬರೆದರೆ ಸುಲಭವಾಗುತ್ತಿತ್ತು.

'ಯಾರಾದರೂ ಜವಾಬ್ದಾರಿ ಹೊರಬೇಕಲ್ಲ? ನಂಬರೇ ಬೇಡವೇನು?' ಎಂದು ಕೇಳುವವರಿದ್ದಾರೆ. ಬೇಕು. ಬೆಸುಗೆಗೆ ನಂಬರು ಹಾಕಿ. ಕೆಟ್ಟ ಬೆಸುಗೆ ಜೀವ ತೆಗೆಯುತ್ತದೆ, ಅದರಲ್ಲೂ ನಮ್ಮದೇ ಜೀವ. ಕೆಟ್ಟ ವೆಲ್ಡರುಗಳಿಲ್ಲ ಎಂದೂ ನಾನು ಹೇಳುವುದಿಲ್ಲ, ದುಡ್ಡು ಕೊಟ್ಟು ಸರ್ಟಿಫಿಕೇಟ್ ತಂದವರನ್ನು ನಾನೇ ನೋಡಿದ್ದೇನೆ. ನಮ್ಮ ಜಗಳ ನಂಬರಿನ ಜೊತೆಗಲ್ಲ. ಒಂದೇ ನಂಬರು ಇರುವುದರ ಜೊತೆಗೆ. ಆ ಫಿಲ್ಮಿನ ಮೇಲೆ ನನ್ನ ನಂಬರಿನ ಪಕ್ಕದಲ್ಲಿ ಉಕ್ಕಿನ ತುಂಡು ಕೊಟ್ಟವನ ನಂಬರು ಹಾಕಿ. ಕಾಯಿಸುವ ಹೊತ್ತು ಕಡಿಮೆ ಮಾಡಿ ಎಂದವರ ನಂಬರು ಹಾಕಿ. ಸೀಸದ ಅಕ್ಷರಗಳಿಗೇನು ಬರವೇ?

ಜವಾಬ್ದಾರಿಯ ಮಾತು ಆಡುವವರು ಉಂಚಾಹಾರವನ್ನು ನೆನೆಯಲಿ. ಉತ್ತರ ಪ್ರದೇಶದ ರಾಯಬರೇಲಿ ಜಿಲ್ಲೆ, 2017ರ ನವೆಂಬರ್ 1. ಹೊಸದಾಗಿ ಶುರುವಾದ 500 ಮೆಗಾವ್ಯಾಟಿನ ಆರನೇ ಘಟಕ. ಕುಲುಮೆಯ ತಳದಲ್ಲಿ ಬೂದಿ ಕಟ್ಟಿಕೊಂಡು ಗಡ್ಡೆಯಾಗಿತ್ತು. ಘಟಕವನ್ನು ಪೂರ್ತಿ ನಿಲ್ಲಿಸದೆ ಬೂದಿ ಬಿಡಿಸುವ ಕೆಲಸ ನಡೆದಿತ್ತು. ಬಿಸಿ ಬೂದಿ, ಬಿಸಿ ಅನಿಲ ಹೊರಗೆ ನುಗ್ಗಿತು. ಸತ್ತವರು ನಲವತ್ತಕ್ಕೂ ಹೆಚ್ಚು. ಬಹುಪಾಲು ಗುತ್ತಿಗೆಯ ಕೂಲಿಗಳು. ಅಲ್ಲಿ ಸೋತದ್ದು ಬೆಸುಗೆಯಲ್ಲ, ನಿಲ್ಲಿಸಬೇಕು ಎನ್ನುವ ಮಾತು. ಆಮೇಲೆ ನೈವೇಲಿ. 2020ರ ಮೇ 7ರಂದು ಒಂದು ಸಲ, ಜುಲೈ 1ರಂದು ಇನ್ನೊಂದು ಸಲ, ಅದೇ ಎರಡನೇ ಸ್ಥಾವರದಲ್ಲಿ. ಎರಡು ತಿಂಗಳು ತುಂಬುವ ಮೊದಲೇ. ಜುಲೈಯಲ್ಲಿ ಆರು ಜನ ಸ್ಥಳದಲ್ಲೇ ಸತ್ತರು, ಸುಟ್ಟುಕೊಂಡವರಲ್ಲಿ ಹಲವರು ಆಸ್ಪತ್ರೆಯಲ್ಲಿ ಹೋದರು. ಆ ದಿನವೂ ಪತ್ರಿಕೆಗಳಲ್ಲಿ ಕರ್ತೃಪದ ಬಾಯ್ಲರಿನದೇ: ಬಾಯ್ಲರ್ ಸ್ಫೋಟಗೊಂಡಿತು.

ಕಾಯ್ದೆ ಏನು ಹೇಳುತ್ತದೆ ಎಂದು ವಿದ್ಯಾರ್ಥಿ ಗೆಳೆಯರು ಕೇಳಬಹುದು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿ ಒಂದು ಮಾತಿತ್ತು. ಕೆಲಸ ವರ್ಷವಿಡೀ ಇರುವಂಥದ್ದಾದರೆ ಅಲ್ಲಿ ಗುತ್ತಿಗೆಯನ್ನು ಸರ್ಕಾರ ನಿಷೇಧಿಸಬಹುದಿತ್ತು. ಬಾಯ್ಲರ್ ದುರಸ್ತಿ ವರ್ಷವಿಡೀ ಇರುವ ಕೆಲಸವೋ ಅಲ್ಲವೋ? ಇವರ ವಾದ ಕೇಳಿ: ಪ್ರತಿ ಸೋರಿಕೆಯೂ ಆಕಸ್ಮಿಕ, ಆದ್ದರಿಂದ ಕೆಲಸ ತಾತ್ಕಾಲಿಕ. ಬೂದಿ ತಾತ್ಕಾಲಿಕವೇ? ತೇಯುವುದು ತಾತ್ಕಾಲಿಕವೇ? ಪ್ರತಿವರ್ಷ ಬರುವ ಮಳೆಯನ್ನೂ ಆಕಸ್ಮಿಕ ಎಂದು ಕರೆಯಬಹುದು ಬಿಡಿ. 2001ರಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಬಾಗಿಲು ಹಾಕಿತು. ಗುತ್ತಿಗೆಯನ್ನು ನಿಷೇಧಿಸಿದರೂ ಅಲ್ಲಿ ದುಡಿಯುತ್ತಿದ್ದವರು ತಾವಾಗಿಯೇ ಕಾಯಂ ಆಗುವುದಿಲ್ಲ ಎಂದಿತು. 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಹಿಂದೆ 20 ಜನರನ್ನು ಇಟ್ಟ ಗುತ್ತೇದಾರನಿಗೆ ತಾಗುತ್ತಿದ್ದ ನಿಯಮಗಳು ಈಗ 50 ಜನರಾದರೆ ತಾಗುತ್ತವೆ. ನಮ್ಮ ಗುಂಪಿನಲ್ಲಿ ಎಂದೂ ಮೂವತ್ತರ ಮೇಲೆ ಜನ ಇರಲಿಲ್ಲ. ಬಾಯ್ಲರಿನದೂ ಹಾಗೇ, 1923ರ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಕಾಯ್ದೆ ಬಂತು. ಉಕ್ಕನ್ನು ಪರೀಕ್ಷಿಸಲು ಕಾಯ್ದೆಯಿದೆ, ಬೆಸುಗೆಯನ್ನು ಪರೀಕ್ಷಿಸಲು ನಿಯಮವಿದೆ. ಬೆಸೆಯುವವನು ಎಷ್ಟು ಗಂಟೆಯಿಂದ ನಿದ್ದೆಗೆಟ್ಟಿದ್ದಾನೆ ಎಂದು ಬಾಯ್ಲರಿನ ಬಾಯಲ್ಲಿ ನಿಂತು ಕೇಳಿದವರನ್ನು ನಾನು ಕಂಡಿಲ್ಲ.

ಇಲ್ಲಿ ಬಾಬಾಸಾಹೇಬರನ್ನು ನೆನೆಯದೆ ಮುಂದೆ ಹೋಗಲಾರೆ. ಪಟದ ಬಾಬಾಸಾಹೇಬರನ್ನಲ್ಲ. ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ 1942ರಿಂದ 1946ರವರೆಗೆ ಕಾರ್ಮಿಕ ಖಾತೆ ಅವರ ಕೈಯಲ್ಲಿತ್ತು. ವಿದ್ಯುತ್ ಯೋಜನೆಯೂ ಅದೇ ಖಾತೆಯ ಕೆಳಗೆ. 1943ರಲ್ಲಿ ವಿದ್ಯುತ್ ಕುರಿತ ನೀತಿ ಸಮಿತಿಯ ಅಧ್ಯಕ್ಷರಾಗಿ ಅವರು, ಬಡತನ ಹೋಗಬೇಕಾದರೆ ಕೈಗಾರಿಕೆ ಬೇಕು, ಅದಕ್ಕೆ ಅಗ್ಗದ ವಿದ್ಯುತ್ ಧಾರಾಳವಾಗಿ ಬೇಕು ಎಂದು ವಾದಿಸಿದರು. ಕಾರ್ಖಾನೆಯಲ್ಲಿ ವಾರಕ್ಕೆ 48 ಗಂಟೆ ಎನ್ನುವ 1946ರ ತಿದ್ದುಪಡಿಯೂ ಅವರ ಖಾತೆಯ ಕೆಲಸವೇ. ವಿದ್ಯುತ್ತು ಮತ್ತು ದುಡಿಯುವವನ ಗಂಟೆ, ಎರಡೂ ಒಂದೇ ಮೇಜಿನ ಮೇಲೆ ಇದ್ದವು. ನಮ್ಮ ಷಟ್‌ಡೌನುಗಳಲ್ಲಿ ಆ 48 ಗಂಟೆ ಗುರುವಾರ ಬೆಳಗಾಗುವ ಮೊದಲೇ ಮುಗಿಯುತ್ತಿತ್ತು. ಸೋಮವಾರ ಒಳಗೆ ಹೋದವರು.

ನಮ್ಮವರ ಬಗ್ಗೆಯೂ ಎರಡು ಮಾತು, ಬೇಜಾರಾದರೆ ಆಗಲಿ. ಕಾಯಂ ನೌಕರರ ಸಂಘ ಎಲ್ಲ ಸ್ಥಾವರಗಳಲ್ಲೂ ಇದೆ. ಮೇ ಒಂದರಂದು ಕೆಂಪು ಬಾವುಟ ಹಾರುತ್ತದೆ, ಲಾಡು ಹಂಚುತ್ತಾರೆ. ನಾವು ಹೋಗಿ ನಿಂತರೆ ಲಾಡು ಕೊಡುತ್ತಾರೆ, ಸದಸ್ಯತ್ವದ ರಸೀದಿ ಕೊಡುವುದಿಲ್ಲ. ಉಸ್ತಾದರ ವಿಷಯ ತೆಗೆದುಕೊಂಡು ಹೋದಾಗ ಅಲ್ಲಿನ ಮುಖಂಡರೊಬ್ಬರು "ಅವ ನಮ್ಮ ರೋಲ್‌ನ್ಯಾಗ ಇಲ್ಲಲ್ಲಪಾ" ಎಂದರು. ಇನ್ನು ನಮ್ಮ ಕವಿಗಳು. ಬೆಂಕಿ, ಕುಲುಮೆ, ಕಿಡಿ ಎಂದು ಎಷ್ಟು ಪದ್ಯ ಬರೆದಿದ್ದಾರೆ! ಬೆಂಕಿ ಎಂದರೆ ನಮಗೆ ಕ್ರಾಂತಿ ನೆನಪಾಗುವುದಿಲ್ಲ ಕಾಮ್ರೇಡ್, ಒಣಗಿಸದ ರಾಡು ನೆನಪಾಗುತ್ತದೆ. ಒಂದು ಸಲ ಯಾವುದಾದರೂ ಸ್ಥಾವರದ ಗೇಟಿಗೆ, ರಾತ್ರಿ ಪಾಳಿ ಬಿಡುವ ಹೊತ್ತಿಗೆ ಬನ್ನಿ. ಪದ್ಯ ತರಬೇಡಿ. ಒಂದು ನೋಟ್‌ಬುಕ್ ತನ್ನಿ. ಹೊರಗೆ ಬರುವ ಒಬ್ಬೊಬ್ಬರ ಹೆಸರು, ಎಷ್ಟು ವರ್ಷದಿಂದ, ಎಷ್ಟು ಜನ ಗುತ್ತೇದಾರರ ಕೆಳಗೆ, ಕೊನೆಯ ಪಗಾರ ಯಾವಾಗ, ಸರ್ಟಿಫಿಕೇಟು ಯಾರ ಹತ್ತಿರ ಇದೆ, ಇಷ್ಟು ಬರೆದುಕೊಳ್ಳಿ. ತಾಲ್ಲೂಕಿಗೊಬ್ಬ ಮೇಷ್ಟ್ರು, ನಾಲ್ಕು ಹುಡುಗರು ಸಾಕು. ಕಾರ್ಮಿಕ ಇಲಾಖೆಯವರು ಪಟ್ಟಿ ಇಲ್ಲ ಎನ್ನುತ್ತಾರೆ. ಪಟ್ಟಿಯನ್ನು ನಾವೇ ಅವರ ಮೇಜಿನ ಮೇಲೆ ಇಡಬೇಕು. ದಾಖಲೆ ಇಲ್ಲದವನ ಪರವಾಗಿ ಭಾಷಣ ಮಾಡಿದರೆ ಅವನಿಗೆ ದಾಖಲೆ ಹುಟ್ಟುವುದಿಲ್ಲ.

ಕೇಳಬೇಕಾದದ್ದು ಹೆಚ್ಚೇನಿಲ್ಲ. ವೆಲ್ಡರಿನ ಸರ್ಟಿಫಿಕೇಟು ವೆಲ್ಡರಿನ ಕೈಯಲ್ಲಿ. ಗುತ್ತೇದಾರ ಬದಲಾದರೂ ಬದಲಾಗದ ಒಂದು ಸೇವಾ ಪುಸ್ತಕ, ಅದನ್ನು ಇಡುವವರು ಸ್ಥಾವರದವರು. ಯಾವ ಉಕ್ಕು, ಯಾವ ರಾಡು, ಎಷ್ಟು ಡಿಗ್ರಿ, ಎಷ್ಟು ಹೊತ್ತು, ಇದಕ್ಕೆ ಬರೆದ ಆದೇಶ, ಕೆಳಗೆ ಸಹಿ. ಮತ್ತು ಆ ಬರಹ ಇಲ್ಲದಿದ್ದರೆ 'ಬೆಸೆಯುವುದಿಲ್ಲ' ಎನ್ನುವ ಹಕ್ಕು, ಆ ಮಾತಿಗೆ ಗೇಟ್ ಪಾಸ್ ಹೋಗದಂತೆ. ಈ ಕೊನೆಯದೇ ಕಷ್ಟದ್ದು. ಅದಕ್ಕೇ ಅದನ್ನು ಮೊದಲು ಕೇಳಬೇಕು.

ಉಸ್ತಾದರು ಈಗ ನನ್ನ ಶೆಡ್ಡಿನಲ್ಲೇ ಕೂರುತ್ತಾರೆ. ಕುಂಟೆಯ ತಾಳು, ನೇಗಿಲ ಕುಳ, ಮುರಿದ ಸೈಕಲ್ಲು ಬೆಸೆಯುತ್ತಾರೆ. ಹೊಸ ಹುಡುಗರಿಗೆ ಬೈಯುತ್ತಾರೆ. ಕನ್ನಡಿ ಮಾತ್ರ ಟ್ರಂಕಿನಲ್ಲಿ ಹಳೇ ಲುಂಗಿಯೊಳಗೆ ಸುತ್ತಿಟ್ಟಿದ್ದಾರೆ.

ಕಳೆದ ಬೇಸಿಗೆಯಲ್ಲಿ ಒಂದು ರಾತ್ರಿ ಹತ್ತೂವರೆಗೆ ಅವರ ಫೋನು ಬಾರಿಸಿತು. ಅವರ ಪಾಸ್ ಕಿತ್ತುಕೊಂಡಾಗ ಒಂದು ಮಾತೂ ಆಡದಿದ್ದ ಅದೇ ಗುತ್ತೇದಾರ. ಟ್ಯೂಬ್ ಹೋಗಿದೆ, ಕೈ ಹೋಗದ ಜಾಗ, ಕನ್ನಡಿ ಕೆಲಸ, ಬೇರೆ ಯಾರಿಂದಲೂ ಆಗುತ್ತಿಲ್ಲ, ಬೇರೆ ಹೆಸರಿನಲ್ಲಿ ಪಾಸ್ ಮಾಡಿಸುತ್ತೇನೆ, ಮೂರು ಪಟ್ಟು ಕೊಡುತ್ತೇನೆ, ಗಾಡಿ ಕಳಿಸುತ್ತೇನೆ. ಉಸ್ತಾದರು ಎಲ್ಲ ಕೇಳಿದರು. ಕೇಳುತ್ತ ಕೇಳುತ್ತ ಎದ್ದು ಟ್ರಂಕಿನ ಹತ್ತಿರ ಹೋದದ್ದನ್ನು ನಾನು ನೋಡಿದೆ. ಕನ್ನಡಿ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು.

"ಬರ್ತೀನ್ರಿ. ಟ್ಯೂಬ್ ಯಾವ ಗ್ರೇಡಿಂದು, ರಾಡ್ ಯಾವುದು, ಕಾಯಸಾಕ ಎಷ್ಟ್ ತಾಸು, ಅಷ್ಟು ಒಂದ್ ಹಾಳ್ಯಾಗ ಬರದು ಸಹಿ ಮಾಡಿ ಕೊಡಸ್ತೀರೇನ್ರಿ? ಮತ್ತ ಪಾಸ್ ನನ್ನ ಹೆಸರ್ಲೇ ಇರಬೇಕ್ ನೋಡ್ರಿ."

ಆ ಕಡೆಯಿಂದ "ಕೇಳಿ ಹೇಳ್ತೀನಿ" ಎಂದು ಫೋನಿಟ್ಟರು. ಹನ್ನೊಂದು ಗಂಟೆಯಾಯಿತು, ಹನ್ನೆರಡಾಯಿತು. ಉಸ್ತಾದರು ಕನ್ನಡಿಯನ್ನು ಮತ್ತೆ ಲುಂಗಿಯಲ್ಲಿ ಸುತ್ತದೆ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದರು. ಗಾಡಿ ಬರಲಿಲ್ಲ. ಮೂರು ದಿನ ಬಿಟ್ಟು ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು, ದುರಸ್ತಿ ಕಾರ್ಯ ಪೂರ್ಣಗೊಂಡಿದೆ ಎಂದು.